ನಿಬಾಲಿ, ವಿಂಚೆನ್ಜೊ

ಇಟಲಿಯ ನಿವೃತ್ತ ವೃತ್ತಿಪರ ಸೈಕಲ್ ಪಟು. ಸಿಸಿಲಿ ದ್ವೀಪದ ಮೆಸ್ಸಿನಾ ನಗರದಲ್ಲಿ 14 ನವೆಂಬರ್ 1984ರಂದು ಜನಿಸಿದ. 2005ರಿಂದ 2022ರವರೆಗೆ 18 ಋತುಗಳ ಕಾಲ ಯುರೋಪಿನ ಅತ್ಯುನ್ನತ ಮಟ್ಟದ ರಸ್ತೆ ಸೈಕಲ್ ಸ್ಪರ್ಧೆಗಳಲ್ಲಿ ಓಡಿದ. ಮೂರು ವಾರಗಳ ಮೂರು ಮಹಾಸ್ಪರ್ಧೆಗಳಾದ ಜಿರೊ ದಿ ಇಟಾಲಿಯಾ (2013, 2016), ಟೂರ್ ಡಿ ಫ್ರಾನ್ಸ್ (2014) ಮತ್ತು ವುಯೆಲ್ಟಾ ಎ ಎಸ್ಪಾನ್ಯಾ (2010) ಮೂರನ್ನೂ ಗೆದ್ದವರಲ್ಲಿ ಈತ ಆರನೆಯವನು. ಇವನಿಗಿಂತ ಮೊದಲು ಆ ಸಾಲಿಗೆ ಸೇರಿದವರು ಜಾಕ್ ಆಂಕೆಟಿಲ್, ಫೆಲೀಚೆ ಜಿಮೊಂಡಿ, ಎಡ್ಡಿ ಮರ್ಕ್ಸ್, ಬರ್ನಾರ್ ಹಿನೋ ಮತ್ತು ಆಲ್ಬರ್ಟೊ ಕೊಂಟಾಡೋರ್. ಒಂದು ದಿನದ ರೇಸುಗಳಲ್ಲಿ ಮಿಲಾನ್–ಸ್ಯಾನ್ ರೆಮೊ (2018) ಮತ್ತು ಇಲ್ ಲೊಂಬಾರ್ದಿಯಾ (2015, 2017) ಈತನ ದೊಡ್ಡ ಗೆಲುವುಗಳು. ಅಭಿಮಾನಿಗಳು ಇವನನ್ನು ಮೆಸ್ಸಿನಾ ಜಲಸಂಧಿಯ ಶಾರ್ಕ್ ಎಂದು ಕರೆಯುತ್ತಿದ್ದರು.

ಈ ಪಟ್ಟಿಯೊಂದೇ ಸಾಕು ಯಾವುದೇ ಕ್ರೀಡಾಕೋಶದಲ್ಲಿ ಸ್ಥಾನ ಪಡೆಯಲು. ಆದರೆ ಇಟಲಿಯ ಜನ ನಿಬಾಲಿಯನ್ನು ಹಚ್ಚಿಕೊಂಡದ್ದು ಪಟ್ಟಿಯ ಉದ್ದ ನೋಡಿ ಅಲ್ಲ. ಅವನ ಕಾಲದಲ್ಲಿಯೇ ಅವನಿಗಿಂತ ಹೆಚ್ಚು ಗೆದ್ದವರಿದ್ದರು, ಅವನಿಗಿಂತ ವೇಗವಾಗಿ ಬೆಟ್ಟ ಹತ್ತುವವರೂ ಇದ್ದರು. ಪೆಡಲ್ ತುಳಿಯುವ ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿ ಅಳೆದು, ತಂಡದ ಕಾರಿನಿಂದ ಕಿವಿಗೆ ಬರುವ ಸೂಚನೆಯಂತೆ ಓಡುವ ಪದ್ಧತಿ ಗಟ್ಟಿಯಾಗುತ್ತಿದ್ದ ವರ್ಷಗಳವು. ಮಳೆ ಬಂದಾಗ, ರಸ್ತೆ ಕೆಟ್ಟಾಗ, ಇಳಿಜಾರು ಕಡಿದಾದಾಗ, ಎಲ್ಲರೂ ಬ್ರೇಕ್ ಹಿಡಿಯುವ ಗಳಿಗೆಯಲ್ಲಿ ನಿಬಾಲಿ ಮುಂದೆ ನುಗ್ಗುತ್ತಿದ್ದ. ಗೆದ್ದಾಗಲೂ ಬಿದ್ದಾಗಲೂ ಅವನು ಓಡಿದ್ದು ಹೀಗೆಯೇ. ಅವನ ಜನಪ್ರಿಯತೆಯ ಬೇರು ಇಲ್ಲಿದೆ.

ಸ್ಪರ್ಧೆಗಳ ಸ್ವರೂಪ

ಟೂರ್ ಡಿ ಫ್ರಾನ್ಸ್ 1903ರಲ್ಲಿ, ಜಿರೊ 1909ರಲ್ಲಿ, ವುಯೆಲ್ಟಾ 1935ರಲ್ಲಿ ಆರಂಭವಾದವು. ಪ್ರತಿಯೊಂದೂ ಈಗ 21 ಹಂತಗಳ ಓಟ. ದಿನಕ್ಕೊಂದು ಹಂತ, ಕೆಲವು ಸಮತಟ್ಟು, ಕೆಲವು ಘಟ್ಟಗಳ ಮೇಲೆ, ಕೆಲವು ಒಬ್ಬೊಬ್ಬನೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್. ಎಲ್ಲ ದಿನಗಳ ಸಮಯವನ್ನು ಕೂಡಿಸಿ ಅತಿ ಕಡಿಮೆ ಸಮಯ ತೆಗೆದುಕೊಂಡವನೇ ವಿಜೇತ. ಮುಂಚೂಣಿಯಲ್ಲಿರುವವನು ಪ್ರತಿದಿನ ಅದರ ಗುರುತಾಗಿ ವಿಶೇಷ ಬಣ್ಣದ ಅಂಗಿ ತೊಡುತ್ತಾನೆ. ಟೂರ್‌ನಲ್ಲಿ ಹಳದಿ, ಜಿರೊದಲ್ಲಿ ಗುಲಾಬಿ. ಜಿರೊವನ್ನು ಆರಂಭಿಸಿದ ಪತ್ರಿಕೆ ಗುಲಾಬಿ ಕಾಗದದ ಮೇಲೆ ಅಚ್ಚಾಗುತ್ತಿದ್ದುದೇ ಆ ಬಣ್ಣಕ್ಕೆ ಕಾರಣ. ವುಯೆಲ್ಟಾದ ಅಂಗಿ 2010ರಲ್ಲಿ ಕೆಂಪಾಯಿತು. ಅದನ್ನು ತೊಟ್ಟು ಗೆದ್ದ ಮೊದಲಿಗ ನಿಬಾಲಿಯೇ.

ಹೊರಗಿನಿಂದ ನೋಡುವವರಿಗೆ ಇದು ಒಬ್ಬನ ಆಟದಂತೆ ಕಾಣುತ್ತದೆ. ನಿಜದಲ್ಲಿ ಇದು ತಂಡದ ಆಟ. ಮುಂದಿರುವ ಸವಾರ ಗಾಳಿಯನ್ನು ಸೀಳುತ್ತಾನೆ. ಅವನ ಹಿಂಚಕ್ರಕ್ಕೆ ಅಂಟಿಕೊಂಡವನಿಗೆ ಶ್ರಮ ಬಹಳಷ್ಟು ಉಳಿಯುತ್ತದೆ. ಆದ್ದರಿಂದ ತಂಡದ ಉಳಿದವರು ನಾಯಕನಿಗೆ ಗಾಳಿ ತಡೆಯುತ್ತಾರೆ, ನೀರಿನ ಬಾಟಲಿ ತಂದುಕೊಡುತ್ತಾರೆ, ಅವನ ಚಕ್ರ ಕೆಟ್ಟರೆ ತಮ್ಮದನ್ನೇ ಬಿಚ್ಚಿ ಕೊಡುತ್ತಾರೆ. ಇಳಿಜಾರಿನಲ್ಲಿ ಮಾತ್ರ ಈ ಆಸರೆ ಕೆಲಸಕ್ಕೆ ಬಾರದು. ಗಂಟೆಗೆ 80 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ತಿರುವು ತೆಗೆಯುವಾಗ ಪ್ರತಿಯೊಬ್ಬನೂ ಒಂಟಿ. ನಿಬಾಲಿಯ ಅತಿ ದೊಡ್ಡ ಬಲ ಅಲ್ಲಿತ್ತು.

ಬಾಲ್ಯ ಮತ್ತು ತರಬೇತಿ

ಇಟಲಿಯ ಸೈಕಲ್ ಪರಂಪರೆ ಉತ್ತರ ಮತ್ತು ಮಧ್ಯ ಭಾಗದ್ದು. ಫೌಸ್ಟೊ ಕೊಪ್ಪಿ ಪಿಯೆಮಾಂಟೆಯವನು, ಜಿನೊ ಬಾರ್ತಾಲಿ ಫ್ಲಾರೆನ್ಸ್ ಬಳಿಯವನು, ಜಿಮೊಂಡಿ ಬೆರ್ಗಮೊ ಕಡೆಯವನು, ಫ್ರಾಂಚೆಸ್ಕೊ ಮೋಜರ್ ಟ್ರೆಂಟಿನೊದವನು, ಮಾರ್ಕೊ ಪಂತಾನಿ ಏಡ್ರಿಯಾಟಿಕ್ ತೀರದ ಚೆಸೆನಾಟಿಕೊದವನು. ಸೈಕಲ್ ಕಾರ್ಖಾನೆಗಳು, ಕ್ಲಬ್ಬುಗಳು, ಕಿರಿಯರ ರೇಸುಗಳು, ಪ್ರಾಯೋಜಕರು ಎಲ್ಲವೂ ಅಲ್ಲೇ. ಸಿಸಿಲಿಯ ಹುಡುಗನೊಬ್ಬ ಈ ಆಟದಲ್ಲಿ ಮೇಲೆ ಬರಬೇಕಾದರೆ ಮೊದಲು ಜಲಸಂಧಿ ದಾಟಿ ಊರು ಬಿಡಬೇಕು. ಸುಮಾರು 16ನೇ ವಯಸ್ಸಿನಲ್ಲಿ ನಿಬಾಲಿ ಅದನ್ನೇ ಮಾಡಿದ. ಟಸ್ಕನಿಯ ಮಾಸ್ಟ್ರೊಮಾರ್ಕೊ ಎಂಬ ಸಣ್ಣ ಊರಿಗೆ ಹೋಗಿ, ಅಲ್ಲಿನ ಕ್ಲಬ್ ನಡೆಸುತ್ತಿದ್ದ ಕಾರ್ಲೊ ಫ್ರಾಂಚೆಸ್ಕಿ ಅವರ ಮನೆಯ ಹುಡುಗನಂತೆ ಬೆಳೆದ. ಅವನ ತಮ್ಮ ಅಂತೋನಿಯೊ ಕೂಡ ಮುಂದೆ ವೃತ್ತಿಪರ ಸವಾರನಾಗಿ ಅಣ್ಣನ ತಂಡದಲ್ಲೇ ಓಡಿದ.

ಕಿರಿಯರ ಮಟ್ಟದಲ್ಲಿ ಅವನ ಹೆಸರು ಕೇಳಿಬಂದದ್ದು ಬೆಟ್ಟ ಹತ್ತುವವನಾಗಿ ಅಲ್ಲ, ಟೈಮ್ ಟ್ರಯಲ್ ಓಡುವವನಾಗಿ. 2002ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಕಂಚು, 2004ರಲ್ಲಿ ವೆರೋನಾದಲ್ಲಿ ನಡೆದ 23 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ ಕಂಚು. 2005ರಲ್ಲಿ ಫಸ್ಸಾ ಬೊರ್ತೊಲೊ ತಂಡ ಅವನನ್ನು ವೃತ್ತಿಪರನಾಗಿ ಸೇರಿಸಿಕೊಂಡಿತು. ಒಂದು ವರ್ಷದ ನಂತರ ಲಿಕ್ವಿಗ್ಯಾಸ್ ತಂಡಕ್ಕೆ ಹೋದ. ಅಲ್ಲಿ 2012ರವರೆಗೆ ಇದ್ದ. ಅಲ್ಲಿ ಜೊತೆಯಾದ ತರಬೇತುದಾರ ಪಾವೊಲೊ ಸ್ಲೊಂಗೊ ಮುಂದೆ ಅವನ ವೃತ್ತಿಜೀವನದ ಬಹುಭಾಗ ಅವನೊಂದಿಗೇ ತಂಡದಿಂದ ತಂಡಕ್ಕೆ ಸಾಗಿದ.

ಲಿಕ್ವಿಗ್ಯಾಸ್ ವರ್ಷಗಳು

ಅವನು ಏಕಾಏಕಿ ಮೇಲೆದ್ದವನಲ್ಲ. 2006ರಲ್ಲಿ ಫ್ರಾನ್ಸಿನ ಪ್ಲುವೆ ರೇಸ್, 2008ರಲ್ಲಿ ಜಿರೊ ದೆಲ್ ಟ್ರೆಂಟಿನೊ, 2009ರ ಟೂರ್‌ನಲ್ಲಿ ಏಳನೆಯ ಸ್ಥಾನ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದ. 2010ರ ಜಿರೊದಲ್ಲಿ ಓಡುವ ಯೋಚನೆಯೇ ಇರಲಿಲ್ಲ. ತಂಡದ ಫ್ರಾಂಕೊ ಪೆಲ್ಲಿಜೊಟ್ಟಿಯನ್ನು ಅವನ ರಕ್ತಪರೀಕ್ಷೆಗಳ ದಾಖಲೆಯಲ್ಲಿ ಕಂಡ ಏರುಪೇರಿನ ಕಾರಣ ಸ್ಪರ್ಧೆಯ ಮುನ್ನ ತಡೆದದ್ದರಿಂದ ಕೊನೆಯ ಗಳಿಗೆಯಲ್ಲಿ ನಿಬಾಲಿಗೆ ಕರೆ ಬಂತು. ಹೋದವನು ಕೆಲವು ದಿನ ಗುಲಾಬಿ ಅಂಗಿ ತೊಟ್ಟ, ಮಾಂಟೆ ಗ್ರಾಪ್ಪಾ ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಬಿಟ್ಟು ಅಸೊಲೊ ಊರಿನಲ್ಲಿ ಹಂತ ಗೆದ್ದ, ನಾಯಕ ಇವಾನ್ ಬಾಸ್ಸೊನ ಗೆಲುವಿಗೆ ದುಡಿಯುತ್ತಲೇ ತಾನೂ ಮೂರನೆಯವನಾದ.

ಅದೇ ವರ್ಷದ ವುಯೆಲ್ಟಾ ಅವನ ಮೊದಲ ಮಹಾಗೆಲುವು. ಎದುರಾಳಿ ಎಜೆಕಿಯೆಲ್ ಮೊಸ್ಕೆರಾ ಕೊನೆಗೂ ಹಿಂದುಳಿದದ್ದು 41 ಸೆಕೆಂಡು ಮಾತ್ರ. ಕೊನೆಯ ಹಂತಕ್ಕೆ ಮುಂಚಿನ ದಿನ ಮ್ಯಾಡ್ರಿಡ್ ಹೊರವಲಯದ ಬೊಲಾ ದೆಲ್ ಮುಂಡೊ ಬೆಟ್ಟದ ಸಿಮೆಂಟ್ ದಾರಿಯಲ್ಲಿ ಮೊಸ್ಕೆರಾ ಜಗ್ಗಿ ಓಡಿದಾಗ ನಿಬಾಲಿ ಗಾಬರಿಯಾಗಲಿಲ್ಲ. ತನ್ನದೇ ಗತಿಯಲ್ಲಿ ಹತ್ತಿ, ನೆತ್ತಿಯ ಹೊತ್ತಿಗೆ ಅವನ ಹಿಂಚಕ್ರ ಮುಟ್ಟಿದ. ಆಗ ಅವನಿಗೆ 25 ವರ್ಷ.

ಮುಂದಿನ ಎರಡು ವರ್ಷ ಸ್ಥಾನಗಳು ಸಿಕ್ಕವು, ಪಟ್ಟ ಸಿಗಲಿಲ್ಲ. 2011ರ ಜಿರೊದಲ್ಲಿ ಮೂರನೆಯವನಾಗಿದ್ದವನು, ವಿಜೇತ ಕೊಂಟಾಡೋರ್‌ನ ಫಲಿತಾಂಶ ರದ್ದಾದ ಮೇಲೆ ಎರಡನೆಯವನೆಂದು ದಾಖಲಾದ. 2012ರ ಟೂರ್‌ನಲ್ಲಿ ಬ್ರ್ಯಾಡ್ಲಿ ವಿಗಿನ್ಸ್ ಮತ್ತು ಕ್ರಿಸ್ ಫ್ರೂಮ್ ಅವರ ಬಲಾಢ್ಯ ಸ್ಕೈ ತಂಡದ ಎದುರು ಮೂರನೆಯ ಸ್ಥಾನ. ಆ ವರ್ಷದ ಲಿಯೇಜ್–ಬಾಸ್ತೋನ್–ಲಿಯೇಜ್ ರೇಸಿನಲ್ಲಿ ಏಕಾಂಗಿಯಾಗಿ ಮುಂದೆ ಹೋಗಿ, ಗೆರೆ ಹತ್ತಿರವಿದ್ದಾಗ ಕಜಕಿಸ್ತಾನದ ಮ್ಯಾಕ್ಸಿಂ ಇಗ್ಲಿನ್‌ಸ್ಕಿಗೆ ಸಿಕ್ಕಿಬಿದ್ದು ಎರಡನೆಯವನಾದ. ಹಾಗೆ ಸೋಲುವ ಸವಾರನನ್ನು ಜನ ಮರೆಯುವುದಿಲ್ಲ. ಗೆಲ್ಲುವ ಮುಂಚೆಯೇ ಇಟಲಿಯಲ್ಲಿ ಅವನ ಬಗ್ಗೆ ಒಂದು ಪ್ರೀತಿ ಬೆಳೆಯುತ್ತಿತ್ತು.

ಹಿಮದಲ್ಲಿ ಗುಲಾಬಿ ಅಂಗಿ: 2013

2013ರಲ್ಲಿ ಅಸ್ತಾನಾ ತಂಡ ಸೇರಿದ. ತಂಡದ ನಿರ್ದೇಶಕ ಜುಸೆಪ್ಪೆ ಮಾರ್ಟಿನೆಲ್ಲಿ. 1998ರಲ್ಲಿ ಪಂತಾನಿ ಒಂದೇ ವರ್ಷ ಜಿರೊ ಮತ್ತು ಟೂರ್ ಎರಡನ್ನೂ ಗೆದ್ದಾಗ ಅವನ ತಂಡದ ಕಾರಿನಲ್ಲಿ ಕೂತಿದ್ದವನು ಇದೇ ಮಾರ್ಟಿನೆಲ್ಲಿ. 2013ರ ಜಿರೊ ಇಡೀ ಮಳೆ ಮತ್ತು ಚಳಿಯದ್ದು. ಹಿಮಪಾತದಿಂದ 19ನೇ ಹಂತವನ್ನೇ ರದ್ದು ಮಾಡಬೇಕಾಯಿತು. ಮರುದಿನ, ಮೇ 25ರಂದು, ಡೊಲೊಮೈಟ್ ಪರ್ವತಗಳ ತ್ರೆ ಚಿಮೆ ದಿ ಲವಾರೆದೊ ಶಿಖರದ ಬುಡಕ್ಕೆ ಹತ್ತುವ ಹಂತ. ಗೆಲುವು ಆಗಲೇ ಕೈಯಲ್ಲಿತ್ತು; ಎರಡು ದಿನ ಮುಂಚೆ ಪೊಲ್ಸಾ ಏರಿನ ಟೈಮ್ ಟ್ರಯಲ್ ಕೂಡ ಗೆದ್ದಿದ್ದ. ಸುಮ್ಮನೆ ಗುಂಪಿನಲ್ಲಿ ಹತ್ತಿದ್ದರೂ ಆಗುತ್ತಿತ್ತು. ಆದರೆ ಹಿಮ ಸುರಿಯುತ್ತಿದ್ದಾಗ ಗುಂಪು ಬಿಟ್ಟು ಒಬ್ಬನೇ ಹೋದ. ಬಿಳಿ ಪರದೆಯ ನಡುವೆ ಗುಲಾಬಿ ಅಂಗಿಯ ಸವಾರ ಕೊನೆಯ ತಿರುವು ದಾಟಿ ಬರುವ ಆ ಚಿತ್ರ ಇಟಲಿಯ ಕ್ರೀಡಾ ನೆನಪುಗಳಲ್ಲಿ ಉಳಿದುಬಿಟ್ಟಿದೆ. ಕೊಲಂಬಿಯಾದ ರಿಗೊಬೆರ್ಟೊ ಉರಾನ್‌ಗಿಂತ 4 ನಿಮಿಷ 43 ಸೆಕೆಂಡು ಮುಂದಾಗಿ ಜಿರೊ ಗೆದ್ದ. ಸಿಸಿಲಿಗೆ ಅದು ಮೊದಲ ಜಿರೊ ಪಟ್ಟ.

ಆ ಶರತ್ಕಾಲದಲ್ಲಿ ವುಯೆಲ್ಟಾವನ್ನು 41 ವರ್ಷದ ಅಮೆರಿಕನ್ ಕ್ರಿಸ್ ಹಾರ್ನರ್‌ಗೆ 37 ಸೆಕೆಂಡುಗಳಿಂದ ಸೋತ. ಫ್ಲಾರೆನ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಳೆಯ ರಸ್ತೆಯಲ್ಲಿ ಬಿದ್ದು, ಎದ್ದು, ಬೆನ್ನಟ್ಟಿ ಹೋಗಿ ನಾಲ್ಕನೆಯವನಾದ.

2014ರ ಟೂರ್

ನಿಬಾಲಿಯ ವೃತ್ತಿಜೀವನದಲ್ಲಿ ಒಂದೇ ಒಂದು ದಿನವನ್ನು ಆರಿಸಿ ತೋರಿಸಬೇಕೆಂದರೆ ನನ್ನ ಆಯ್ಕೆ ಅವನು ಗೆಲ್ಲದ ಒಂದು ದಿನ: 9 ಜುಲೈ 2014, ಟೂರ್‌ನ ಐದನೆಯ ಹಂತ. ಬೆಲ್ಜಿಯಂನ ಈಪರ್ ಪಟ್ಟಣದಿಂದ ಉತ್ತರ ಫ್ರಾನ್ಸಿನ ಅರೆನ್‌ಬರ್ಗ್ ಗಣಿ ಪ್ರದೇಶದವರೆಗಿನ ದಾರಿ. ನಡುನಡುವೆ ಗದ್ದೆಗಳ ಮಧ್ಯೆ ಕಲ್ಲುಹಾಸಿನ ಹಳೆಯ ಗಾಡಿದಾರಿಗಳು. ಕಲ್ಲುಗಳ ನಡುವೆ ಸಂದಿ, ಸಂದಿಯಲ್ಲಿ ಕೆಸರು. ಸಣ್ಣ ಮೈಯ ಬೆಟ್ಟದ ಸವಾರರಿಗೆ ಇಂಥ ದಾರಿ ಆಗಿಬರದು. ಅಂದು ಬೆಳಗಿನಿಂದಲೇ ಜಡಿಮಳೆ. ಅಪಾಯವೆಂದು ಆಯೋಜಕರು ಎರಡು ಕಲ್ಲುದಾರಿಗಳನ್ನು ಕೈಬಿಟ್ಟರು. ಹಿಂದಿನ ವರ್ಷದ ವಿಜೇತ ಫ್ರೂಮ್ ಕಲ್ಲುಗಳನ್ನು ತಲುಪುವ ಮುಂಚೆಯೇ ಬಿದ್ದು ಸ್ಪರ್ಧೆ ಬಿಟ್ಟ. ನಿಬಾಲಿ ಮಾತ್ರ ಈ ದಾರಿಯಲ್ಲೇ ಹುಟ್ಟಿ ಬೆಳೆದವನಂತೆ ಓಡಿದ. ಸಂಗಾತಿ ಯಾಕೋಬ್ ಫುಗ್ಲ್‌ಸಾಂಗ್ ಜೊತೆ ಮುಂದೆ ನುಗ್ಗಿ, ಹಾಲೆಂಡಿನ ಲಾರ್ಸ್ ಬೋಮ್ ಹಿಂದೆ ಮೂರನೆಯವನಾಗಿ ಗೆರೆ ಮುಟ್ಟಿದ. ಕೊಂಟಾಡೋರ್ ಅವನಿಗಿಂತ ಎರಡೂವರೆ ನಿಮಿಷ ಹಿಂದೆ ಬಂದ. ಟೂರ್ ಗೆಲ್ಲುವವರು ಪರ್ವತದಲ್ಲಿ ಗೆಲ್ಲುತ್ತಾರೆ ಎಂಬ ವಾಡಿಕೆಯನ್ನು ಅವನು ಸಮತಟ್ಟಿನ ಕೆಸರಿನಲ್ಲಿ ಮುರಿದ.

ಮೂರು ದಿನ ಮುಂಚೆ, ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೊನೆಯ ಎರಡು ಕಿಲೋಮೀಟರ್ ಒಳಗೆ ದಿಢೀರನೆ ಮುಂದೆ ಹಾರಿ ಹಳದಿ ಅಂಗಿ ಪಡೆದಿದ್ದ. ಅದನ್ನು ಒಂದೇ ಒಂದು ದಿನ ಫ್ರಾನ್ಸಿನ ಟೋನಿ ಗಲ್ಲೊಪೆನ್‌ಗೆ ಬಿಟ್ಟುಕೊಟ್ಟು, ಮರುದಿನ ಲಾ ಪ್ಲಾಂಷ್ ದೆ ಬೆಲ್ ಫಿಯ್ ಬೆಟ್ಟದ ಮೇಲೆ ಹಂತ ಗೆದ್ದು ಮರಳಿ ತೊಟ್ಟ. ಆ ದಿನ ಕೊಂಟಾಡೋರ್ ಕೂಡ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡು ಹೊರನಡೆದ. ಆಮೇಲೆ ಆಲ್ಪ್ಸ್‌ನ ಶಾಮ್ರೂಸ್, ಪಿರನೀಸ್‌ನ ಒಟಾಕಾಮ್. ಹೀಗೆ ಒಟ್ಟು ನಾಲ್ಕು ಹಂತಗಳನ್ನು ಗೆದ್ದ. ಪ್ಯಾರಿಸ್ ತಲುಪಿದಾಗ ಎರಡನೆಯ ಸ್ಥಾನದ ಜಾನ್-ಕ್ರಿಸ್ಟಾಫ್ ಪೆರೋ 7 ನಿಮಿಷ 37 ಸೆಕೆಂಡು ಹಿಂದಿದ್ದ. ಬಲಿಷ್ಠ ಎದುರಾಳಿಗಳಿಬ್ಬರೂ ಇಲ್ಲದೆ ಗೆದ್ದ ಟೂರ್ ಎಂದು ಕೆಲವರು ಇದನ್ನು ಕಡಿಮೆ ಮಾಡಿ ಹೇಳುವುದುಂಟು. ಒಪ್ಪುವುದು ಕಷ್ಟ. ಮಳೆಯಲ್ಲಿ, ಕಲ್ಲಿನ ಮೇಲೆ, ಇಳಿಜಾರಿನಲ್ಲಿ ಸೈಕಲ್ ಮೇಲೆ ನೆಟ್ಟಗೆ ನಿಲ್ಲುವುದೂ ಈ ಆಟದ ವಿದ್ಯೆಯೇ. ಫ್ರೂಮ್ ಇದ್ದಾಗಲೇ ಹಳದಿ ಅಂಗಿ ನಿಬಾಲಿಯ ಮೈಮೇಲಿತ್ತು.

ಟೂರ್ ಗೆದ್ದ ಏಳನೆಯ ಇಟಾಲಿಯನ್ ಈತ, ಪಂತಾನಿಯ ನಂತರ 16 ವರ್ಷಕ್ಕೆ ಮೊದಲಿಗ. ಆ ನಡುವೆ ಇಟಲಿಯ ಸೈಕ್ಲಿಂಗ್ ಉದ್ದೀಪನ ಮದ್ದಿನ ಹಗರಣಗಳಲ್ಲಿ ಮುಖ ಕಳೆದುಕೊಂಡಿತ್ತು. ಪಂತಾನಿ ಸ್ವತಃ 14 ಫೆಬ್ರವರಿ 2004ರಂದು ರಿಮಿನಿಯ ಹೋಟೆಲೊಂದರಲ್ಲಿ 34ನೇ ವಯಸ್ಸಿಗೆ ಸತ್ತಿದ್ದ. ಅದೇ ಮಾರ್ಟಿನೆಲ್ಲಿಯ ಕಾರಿನ ಮುಂದೆ ಮತ್ತೊಬ್ಬ ಇಟಾಲಿಯನ್ ಹಳದಿ ಅಂಗಿಯಲ್ಲಿ ಪ್ಯಾರಿಸ್ ಸೇರಿದ್ದು ಆ ದೇಶಕ್ಕೆ ಏನಾಗಿತ್ತೆಂದು ಇದರಿಂದ ಊಹಿಸಬಹುದು.

ಕಪ್ಪು ಚುಕ್ಕೆಗಳು

ಇಲ್ಲಿ ಕೆಲವು ಕಹಿ ಸಂಗತಿಗಳನ್ನೂ ದಾಖಲಿಸಬೇಕು. 2014ರ ಕೊನೆಯಲ್ಲಿ ಅಸ್ತಾನಾದ ಇಗ್ಲಿನ್‌ಸ್ಕಿ ಸೋದರರಿಬ್ಬರೂ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ತಂಡದ ಪರವಾನಗಿಯನ್ನೇ ಮರುಪರಿಶೀಲನೆಗೆ ಒಳಪಡಿಸಿತು. ಕೊನೆಗೆ ಪರವಾನಗಿ ಉಳಿಯಿತು. ನಿಬಾಲಿಯ ಮೇಲೆ ಇಡೀ ವೃತ್ತಿಜೀವನದಲ್ಲಿ ಮದ್ದಿನ ಶಿಕ್ಷೆ ಒಂದೂ ಇಲ್ಲ.

2015ರ ಟೂರ್‌ನ 19ನೇ ಹಂತದಲ್ಲಿ ಫ್ರೂಮ್‌ನ ಸೈಕಲ್ ಕೆಟ್ಟು ನಿಂತ ಹೊತ್ತಿಗೇ ನಿಬಾಲಿ ಮುಂದೆ ನುಗ್ಗಿದ್ದು ದೊಡ್ಡ ಜಗಳವಾಯಿತು. ಲಾ ತುಸ್ಯೂರ್‌ನಲ್ಲಿ ಹಂತ ಗೆದ್ದ, ಫ್ರೂಮ್ ಅದನ್ನು ಕ್ರೀಡಾಧರ್ಮಕ್ಕೆ ಹೊಂದದ ನಡೆ ಎಂದ. ಅದಕ್ಕಿಂತ ಕೆಟ್ಟದ್ದು ಆಗಸ್ಟಿನಲ್ಲಿ ನಡೆಯಿತು. ವುಯೆಲ್ಟಾದ ಎರಡನೆಯ ಹಂತದಲ್ಲಿ ಅಪಘಾತದಿಂದ ಹಿಂದುಳಿದ ನಿಬಾಲಿ ತಂಡದ ಕಾರನ್ನು ಹಿಡಿದು ಎಳೆಸಿಕೊಂಡು ಮುಂದೆ ಹೋದದ್ದು ಹೆಲಿಕಾಪ್ಟರ್ ಕ್ಯಾಮೆರಾದಲ್ಲಿ ಸೆರೆಯಾಗಿ, ಅವನನ್ನು ಸ್ಪರ್ಧೆಯಿಂದಲೇ ಹೊರಹಾಕಿದರು. ಅಭಿಮಾನಿಗಳಿಗೆ ಅದು ನಾಚಿಕೆಯ ದಿನ. ಅವನು ಆರು ವಾರಗಳಲ್ಲೇ ಇದಕ್ಕೆ ಉತ್ತರ ಕೊಟ್ಟದ್ದು ಲೊಂಬಾರ್ದಿಯಾದಲ್ಲಿ: ಚಿವಿಲ್ಯೊ ಬೆಟ್ಟದ ಇಳಿಜಾರಿನಲ್ಲಿ ಎಲ್ಲರನ್ನೂ ಬಿಟ್ಟು ಕೊಮೊ ಪಟ್ಟಣಕ್ಕೆ ಒಬ್ಬನೇ ಬಂದ.

2016: ಮೂರು ದಿನ ಉಳಿದಿದ್ದಾಗ

2016ರ ಜಿರೊದಲ್ಲಿ ಅವನ ಕಥೆ ಮುಗಿದಂತೆಯೇ ಕಂಡಿತ್ತು. ಬೆಟ್ಟದ ಟೈಮ್ ಟ್ರಯಲ್‌ನಲ್ಲಿ ಹಿಂದುಳಿದ, ಅದರ ಮುಂದಿನ ಸಣ್ಣ ಹಂತದಲ್ಲೂ ಸಮಯ ಕಳೆದುಕೊಂಡ. ಕಾಯಿಲೆಯಿರಬಹುದೆಂದು ವೈದ್ಯಕೀಯ ಪರೀಕ್ಷೆಗಳಾದವು. 18 ಹಂತ ಮುಗಿದಾಗ ಹಾಲೆಂಡಿನ ಸ್ಟೀವನ್ ಕ್ರೌಸ್ವೈಕ್‌ಗಿಂತ 4 ನಿಮಿಷ 43 ಸೆಕೆಂಡು ಹಿಂದೆ, ನಾಲ್ಕನೆಯ ಸ್ಥಾನದಲ್ಲಿದ್ದ. ಮೂರು ವರ್ಷ ಹಿಂದೆ ಅವನು ಗೆದ್ದ ಅಂತರವೂ ಇಷ್ಟೇ.

ಮೇ 27ರಂದು ಸವಾರರು ಇಟಲಿ–ಫ್ರಾನ್ಸ್ ಗಡಿಯ ಕೊಲ್ಲೆ ದೆಲ್ಲಾನ್ಯೆಲ್ಲೊ ದಾಟಬೇಕಿತ್ತು. ಎತ್ತರ 2,744 ಮೀಟರ್; ರಸ್ತೆಯ ಇಬ್ಬದಿಯಲ್ಲೂ ಹಿಮದ ಗೋಡೆ. ನೆತ್ತಿ ದಾಟಿದೊಡನೆ ನಿಬಾಲಿ ಇಳಿಜಾರಿನಲ್ಲಿ ವೇಗ ಏರಿಸಿದ. ಹಿಂದೆ ಬರುತ್ತಿದ್ದ ಕ್ರೌಸ್ವೈಕ್ ತಿರುವು ತಪ್ಪಿ ಹಿಮದ ಗೋಡೆಗೆ ಬಡಿದು ಮಗುಚಿದ. ಮುಂದಿನ ಗುಂಪಿನಲ್ಲಿ ಮೊದಲಿಗನಾಗಿ ಶಿಖರ ದಾಟಿದ್ದ ನಿಬಾಲಿಯ ತಂಡದ ಮಿಕೆಲೆ ಸ್ಕಾರ್ಪೊನಿ, ತನಗೇ ಹಂತ ಗೆಲ್ಲುವ ಅವಕಾಶವಿದ್ದರೂ, ನಿಂತು ನಾಯಕನಿಗಾಗಿ ಕಾದ. ನಿಬಾಲಿ ಬಂದ ಮೇಲೆ ಕಣಿವೆಯುದ್ದಕ್ಕೂ ಅವನಿಗೆ ಗಾಳಿ ತಡೆದು, ರಿಸೂಲ್ ಏರಿನ ಬುಡಕ್ಕೆ ಮುಟ್ಟಿಸಿದ. ಅಲ್ಲಿಂದ ನಿಬಾಲಿ ಒಬ್ಬನೇ ಹತ್ತಿ ಗೆದ್ದ. ಗೆರೆ ದಾಟಿದವನು ಅತ್ತುಬಿಟ್ಟ. ಅದೇ ತಿಂಗಳು ಮೆಸ್ಸಿನಾದಲ್ಲಿ ಅವನ ಹೆಸರಿನ ಕಿರಿಯರ ಕ್ಲಬ್ಬಿನ 14 ವರ್ಷದ ಹುಡುಗನೊಬ್ಬ ಸೈಕಲ್ ಅಭ್ಯಾಸದಲ್ಲಿದ್ದಾಗ ರಸ್ತೆ ಅಪಘಾತದಲ್ಲಿ ಸತ್ತಿದ್ದ. ಗೆಲುವನ್ನು ಅವನಿಗೆ ಅರ್ಪಿಸಿದ.

ಇನ್ನೂ 44 ಸೆಕೆಂಡು ಬಾಕಿ ಇತ್ತು. ಗುಲಾಬಿ ಅಂಗಿ ಈಗ ಕೊಲಂಬಿಯಾದ ಎಸ್ತೆಬಾನ್ ಚಾವೆಸ್ ಮೈಮೇಲೆ. ಮರುದಿನ ಕೊಲ್ಲೆ ದೆಲ್ಲಾ ಲೊಂಬಾರ್ದಾ ಏರಿನಲ್ಲಿ ನಿಬಾಲಿ ಅವನನ್ನೂ ಹಿಂದೆ ಬಿಟ್ಟು ಅಂಗಿ ಕಸಿದುಕೊಂಡ. ಕೊನೆಯ ಅಂತರ 52 ಸೆಕೆಂಡು. ಆ ಬೆಟ್ಟದ ಮೇಲೆ ಮಗನ ಸೋಲನ್ನು ಕಣ್ಣಾರೆ ಕಂಡ ಚಾವೆಸ್‌ನ ತಂದೆತಾಯಿ ನಿಬಾಲಿಯ ಬಳಿ ಬಂದು ಅವನನ್ನು ಅಭಿನಂದಿಸಿದರು. ಸ್ಕಾರ್ಪೊನಿ ಒಂದು ವರ್ಷವೂ ಬದುಕಲಿಲ್ಲ. 22 ಏಪ್ರಿಲ್ 2017ರಂದು ತನ್ನೂರು ಫಿಲೊಟ್ರಾನೊದಲ್ಲಿ ಅಭ್ಯಾಸಕ್ಕೆ ಹೊರಟಾಗ ವ್ಯಾನ್ ಡಿಕ್ಕಿಯಾಗಿ ತೀರಿಕೊಂಡ.

ಅದೇ 2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್ ರಸ್ತೆ ಸ್ಪರ್ಧೆಯಲ್ಲಿ ಕೊನೆಯ ಇಳಿಜಾರಿನಲ್ಲಿ ಮುಂಚೂಣಿಯಲ್ಲಿದ್ದ ಮೂವರಲ್ಲಿ ನಿಬಾಲಿಯೂ ಒಬ್ಬ. ಪದಕ ಕಣ್ಣೆದುರಿಗಿತ್ತು. ತಿರುವಿನಲ್ಲಿ ಬಿದ್ದು ಕೊರಳೆಲುಬು ಮುರಿಯಿತು. ಅವನನ್ನು ಗೆಲ್ಲಿಸುತ್ತಿದ್ದ ಇಳಿಜಾರೇ ಅಂದು ಅವನನ್ನು ಕೆಡವಿತು.

ಸ್ಯಾನ್ ರೆಮೊ, 17 ಮಾರ್ಚ್ 2018

2017ರಲ್ಲಿ ಬಹ್ರೇನ್–ಮೆರಿಡಾ ತಂಡಕ್ಕೆ ಹೋದ. ಆ ವರ್ಷ ನೂರನೆಯ ಜಿರೊದಲ್ಲಿ ಸ್ಟೆಲ್ವಿಯೊ ಘಟ್ಟ ದಾಟಿ ಬೊರ್ಮಿಯೊದಲ್ಲಿ ಹಂತ ಗೆದ್ದು ಮೂರನೆಯವನಾದ, ವುಯೆಲ್ಟಾದಲ್ಲಿ ಫ್ರೂಮ್ ಹಿಂದೆ ಎರಡನೆಯವನಾದ, ಲೊಂಬಾರ್ದಿಯಾವನ್ನು ಎರಡನೆಯ ಸಲ ಗೆದ್ದ.

ಮಿಲಾನ್–ಸ್ಯಾನ್ ರೆಮೊ ರೇಸಿನ ಉದ್ದ 290 ಕಿಲೋಮೀಟರಿಗೂ ಹೆಚ್ಚು. ಕೋಲಾರದಿಂದ ಬೆಂಗಳೂರಿಗೆ ಎರಡು ಸಲ ಹೋಗಿ ಬಂದರೂ ಆ ದೂರವಾಗದು. ಇಷ್ಟು ಉದ್ದವಿದ್ದರೂ ಫಲಿತಾಂಶ ತೀರ್ಮಾನವಾಗುವುದು ಗೆರೆಗೆ ಹತ್ತಿರವಿರುವ ಪೊಜ್ಜೊ ಎಂಬ ಸಣ್ಣ ದಿಣ್ಣೆಯಲ್ಲಿ: ಉದ್ದ 3.7 ಕಿಲೋಮೀಟರ್, ಏರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಬೆಟ್ಟದ ಸವಾರನಿಗೆ ಅದು ಏರೇ ಅಲ್ಲ. ಸಾಮಾನ್ಯವಾಗಿ ವೇಗದ ಓಟಗಾರರು ಒಟ್ಟಾಗಿ ಅದನ್ನು ದಾಟಿ, ಸಮುದ್ರತೀರದ ಬೀದಿಯಲ್ಲಿ ಕೊನೆಯ ಇನ್ನೂರು ಮೀಟರಿನ ಜಿದ್ದಿಗೆ ಬೀಳುತ್ತಾರೆ. ಅಂದು ಲಾಟ್ವಿಯಾದ ಕ್ರಿಸ್ಟ್ಸ್ ನೈಲಾಂಡ್ಸ್ ಮುಂದೆ ಜಿಗಿದಾಗ ನಿಬಾಲಿ ಅವನ ಹಿಂದೆ ಹೋದ, ಸ್ವಲ್ಪದರಲ್ಲೇ ಅವನನ್ನೂ ಬಿಟ್ಟ. ನೆತ್ತಿ ತಲುಪಿದಾಗ ಕೆಲವೇ ಸೆಕೆಂಡುಗಳ ಅಂತರ. ಹಸಿರುಮನೆಗಳ ನಡುವಿನ ಕಿರಿದಾದ ತಿರುವುಗಳ ಇಳಿಜಾರಿನಲ್ಲಿ ಅದನ್ನು ಕಾಪಾಡಿಕೊಂಡ. ಪಟ್ಟಣದ ನೇರ ಬೀದಿಯಲ್ಲಿ ಹಿಂದಿನ ಗುಂಪು ದೈತ್ಯವೇಗದಲ್ಲಿ ಬಳಿ ಸರಿಯುತ್ತಿತ್ತು. ಗೆರೆಯಲ್ಲಿ ಅವನು ಕೈ ಎತ್ತಿದಾಗ ಕೇಲಬ್ ಯೂವನ್ ಕೆಲವು ಸೈಕಲ್ ಉದ್ದದಷ್ಟು ಹಿಂದಿದ್ದ. 2006ರಲ್ಲಿ ಫಿಲಿಪ್ಪೊ ಪೊಜ್ಜಾಟೊ ಗೆದ್ದ ಮೇಲೆ ಈ ರೇಸ್ ಇಟಾಲಿಯನ್ ಒಬ್ಬನಿಗೆ ಒಲಿದದ್ದು ಆಗಲೇ.

ಮೂರೂ ಮಹಾಸ್ಪರ್ಧೆಗಳ ಜೊತೆಗೆ ಸ್ಯಾನ್ ರೆಮೊ ಮತ್ತು ಲೊಂಬಾರ್ದಿಯಾ ಎರಡನ್ನೂ ಗೆದ್ದವರಲ್ಲಿ ಅವನಿಗಿಂತ ಹಿಂದಿನವರು ಮರ್ಕ್ಸ್ ಮತ್ತು ಜಿಮೊಂಡಿ ಇಬ್ಬರೇ. ಮೂರು ವಾರಗಳ ಓಟಕ್ಕೆ ಒಬ್ಬ, ಒಂದು ದಿನದ ಓಟಕ್ಕೆ ಇನ್ನೊಬ್ಬ ಎಂದು ಸವಾರರು ಬೇರೆಬೇರೆಯಾಗಿ ಪಳಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ನಾಲ್ಕು ತಿಂಗಳ ನಂತರ, ಜುಲೈ 19ರಂದು, ಟೂರ್‌ನ ಆಲ್ಪ್ ದುಯೆಜ್ ಬೆಟ್ಟದಲ್ಲಿ ಜನಜಂಗುಳಿಯ ನಡುವೆ ಪ್ರೇಕ್ಷಕನೊಬ್ಬನ ಕ್ಯಾಮೆರಾ ಪಟ್ಟಿ ಹ್ಯಾಂಡಲ್‌ಗೆ ಸಿಕ್ಕಿ ನೆಲಕ್ಕುರುಳಿದ. ಬೆನ್ನುಮೂಳೆಯಲ್ಲಿ ಬಿರುಕು. ಆ ಸ್ಥಿತಿಯಲ್ಲೇ ಎದ್ದು ಹತ್ತಿ, ಹಂತ ಗೆದ್ದವನಿಗಿಂತ 13 ಸೆಕೆಂಡು ಮಾತ್ರ ತಡವಾಗಿ ತಲುಪಿದ. ಮರುದಿನ ಓಡಲಾಗಲಿಲ್ಲ.

ಕೊನೆಯ ವರ್ಷಗಳು

2019ರಲ್ಲಿ ಜಿರೊದಲ್ಲಿ ಎಕ್ವಡಾರ್‌ನ ರಿಚರ್ಡ್ ಕಾರಪಾಸ್ ಹಿಂದೆ 1 ನಿಮಿಷ 5 ಸೆಕೆಂಡಿನಿಂದ ಎರಡನೆಯವನಾದ. ಟೂರ್‌ನ ವಾಲ್ ತೊರೆನ್ಸ್ ಹಂತ ಗೆದ್ದ. ಅದು ಟೂರ್‌ನಲ್ಲಿ ಅವನ ಆರನೆಯ ಮತ್ತು ಕೊನೆಯ ಹಂತಗೆಲುವು. ಟ್ರೆಕ್–ಸೆಗಾಫ್ರೆಡೊ ತಂಡದ ಎರಡು ವರ್ಷಗಳಲ್ಲಿ (2020–21) ಫಲ ಕಡಿಮೆ. 2021ರಲ್ಲಿ ಮಣಿಕಟ್ಟು ಮುರಿದು ವಾರಗಳೊಳಗೆ ಜಿರೊಗೆ ಹಾಜರಾದ. ಶರತ್ಕಾಲದಲ್ಲಿ ತವರು ದ್ವೀಪದ ಜಿರೊ ದಿ ಸಿಸಿಲಿಯಾ ಗೆದ್ದ.

2022ರಲ್ಲಿ ಅಸ್ತಾನಾಕ್ಕೆ ಮರಳಿದ. ಆ ವರ್ಷ ಜಿರೊದ ಐದನೆಯ ಹಂತ ಕತಾನಿಯಾದಿಂದ ಮೆಸ್ಸಿನಾಕ್ಕೆ. ಮೇ 11ರಂದು ತನ್ನ ಊರಿನಲ್ಲಿ, ಹಂತ ಮುಗಿದ ಮೇಲೆ, ಇದೇ ತನ್ನ ಕೊನೆಯ ಋತು ಎಂದು ಕಣ್ಣೀರಿನೊಡನೆ ಹೇಳಿದ. ವಿದಾಯದ ಸವಾರಿ ಎಂದು ಸುಮ್ಮನೆ ಉಳಿದ ದಿನಗಳನ್ನು ಕಳೆಯಲಿಲ್ಲ. ಪರ್ವತಗಳಲ್ಲಿ ತನಗಿಂತ ಹತ್ತು ಹನ್ನೆರಡು ವರ್ಷ ಕಿರಿಯರೊಡನೆ ಸೆಣಸಿ 37ನೇ ವಯಸ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ. ಕೊನೆಯ ಸ್ಪರ್ಧೆ 8 ಅಕ್ಟೋಬರ್ 2022ರ ಲೊಂಬಾರ್ದಿಯಾ. ಅವನ ದೀರ್ಘಕಾಲದ ಎದುರಾಳಿ, ಸ್ಪೇನಿನ ಅಲೆಹಾಂದ್ರೊ ವಾಲ್ವೆರ್ದೆ ಕೂಡ ಅದೇ ದಿನ, ಅದೇ ರಸ್ತೆಯಲ್ಲಿ ಆಟ ನಿಲ್ಲಿಸಿದ. ಮೂರು ಮಹಾಸ್ಪರ್ಧೆಗಳ ಮೊದಲ ಮೂರು ಸ್ಥಾನಗಳಲ್ಲಿ ನಿಬಾಲಿ ಒಟ್ಟು 11 ಸಲ ನಿಂತಿದ್ದ. 2023ರಲ್ಲಿ ಕ್ಯೂ36.5 ಎಂಬ ಹೊಸ ತಂಡಕ್ಕೆ ಸಲಹೆಗಾರನಾದ.

ಜನಪ್ರಿಯತೆ

ಇಟಲಿಯಲ್ಲಿ ಸೈಕಲ್ ರೇಸಿಗೆ ಟಿಕೆಟ್ ಇಲ್ಲ, ಕ್ರೀಡಾಂಗಣವಿಲ್ಲ. ರೇಸು ಜನರ ಮನೆಬಾಗಿಲಿಗೇ ಬರುತ್ತದೆ. ಹೆದ್ದಾರಿ ಬದಿಯ ಅಜ್ಜಿ, ಶಾಲೆ ಬಿಟ್ಟು ಬಂದ ಮಕ್ಕಳು, ಬೆಟ್ಟದ ತಿರುವಿನಲ್ಲಿ ಹಿಂದಿನ ರಾತ್ರಿಯೇ ಬೀಡುಬಿಟ್ಟವರು ಎಲ್ಲರೂ ಪ್ರೇಕ್ಷಕರೇ. ನಾಯಕನ ಹೆಸರನ್ನು ಟಾರು ರಸ್ತೆಯ ಮೇಲೆ ಬಣ್ಣದಲ್ಲಿ ಬರೆಯುವುದು ಅಲ್ಲಿನ ಹಳೆಯ ರೂಢಿ. ನಿಬಾಲಿಯ ಕಾಲದಲ್ಲಿ ರಸ್ತೆಯ ಮೇಲೆ ಅವನ ಅಡ್ಡಹೆಸರು ಬರೆದಿರುತ್ತಿತ್ತು, ಶಾರ್ಕ್ ವೇಷದವರು ಬದಿಯಲ್ಲಿ ಓಡುತ್ತಿದ್ದರು. ಅವನದು ಮಾತಿನ ಆಕರ್ಷಣೆಯಲ್ಲ. ಮಿತಭಾಷಿ, ಸಂಕೋಚದ ಸ್ವಭಾವ. ಪಂತಾನಿಯಂತೆ ದುರಂತದ ಪ್ರಭೆಯೂ ಇವನ ಸುತ್ತ ಇರಲಿಲ್ಲ. ಉತ್ತರದ ಆಟದಲ್ಲಿ ದಕ್ಷಿಣದ ತುದಿಯ ದ್ವೀಪದವನೊಬ್ಬ ಊರು ಬಿಟ್ಟು ಹೋಗಿ ಗೆದ್ದ ಎಂಬ ಹೆಮ್ಮೆ ಸಿಸಿಲಿಯವರದ್ದು. ಕೆಲಸ ಹುಡುಕಿ ಉತ್ತರಕ್ಕೆ ಗುಳೆಹೋದ ದಕ್ಷಿಣದ ಲಕ್ಷಾಂತರ ಕುಟುಂಬಗಳಿಗೆ ಅವನು ತಮ್ಮ ಮನೆಯ ಹುಡುಗನೇ. ಉತ್ತರದವರು ಅವನನ್ನು ಮೆಚ್ಚಿದ್ದು ಕೊಪ್ಪಿ, ಜಿಮೊಂಡಿಯವರ ಪರಂಪರೆ ಮುಂದುವರಿಸಿದವನೆಂದು.

ಕನ್ನಡನಾಡಿಗೆ ಈ ಆಟದ ಪರಿಚಯ ತಡವಾಗಿ ಆಯಿತು. ಕೋಲಾರ ಜಿಲ್ಲೆಯ ಯಲ್ದೂರು, ಶ್ರೀನಿವಾಸಪುರ, ಮುಳಬಾಗಿಲಿನ ಕಡೆ ಸೈಕಲ್ ಎಂದರೆ ಬಹುಕಾಲ ಡೇರಿಗೆ ಹಾಲು, ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಗಾಡಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಾತ್ರ ರಸ್ತೆ ಸೈಕಲ್ ಸ್ಪರ್ಧೆಯ ಬಲವಾದ ಸಂಪ್ರದಾಯವಿದೆ; ರಾಜ್ಯಕ್ಕೆ ಪದಕ ತಂದ ಪಟುಗಳಲ್ಲಿ ಅನೇಕರು ಅಲ್ಲಿನ ಬಿಸಿಲು ರಸ್ತೆಗಳಲ್ಲಿ ಬೆಳೆದವರು. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಸವಾರಿಯಿಂದ ಬೆಂಗಳೂರು, ಮೈಸೂರು ಸುತ್ತ ಹವ್ಯಾಸಿಗಳ ಹೊಸ ಗುಂಪು ಹುಟ್ಟಿತು. ಭಾನುವಾರ ಬೆಳಗಿನ ಜಾವ 1,478 ಮೀಟರ್ ಎತ್ತರದ ನಂದಿಬೆಟ್ಟ ಹತ್ತಿ ಗಡಿಯಾರ ನೋಡಿಕೊಳ್ಳುವವರು ಇವರೇ. ಕೊಲ್ಲೆ ದೆಲ್ಲಾನ್ಯೆಲ್ಲೊದ ಎತ್ತರ ಹೆಚ್ಚುಕಡಿಮೆ ಅದರ ಎರಡರಷ್ಟು. ಬೆಂಗಳೂರಿನಲ್ಲಿ ನೆಲೆಸಿ ಅಭ್ಯಾಸ ಮಾಡಿದ ನವೀನ್ ಜಾನ್ 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನ ಟೈಮ್ ಟ್ರಯಲ್‌ನಲ್ಲಿ ಭಾರತದ ಪರ ಓಡಿದ. ಟೂರ್ ಡಿ ಫ್ರಾನ್ಸ್‌ನಲ್ಲಿ ಭಾರತದ ಸವಾರನೊಬ್ಬ ಓಡುವುದು ಇನ್ನೂ ಬಾಕಿ ಇದೆ.

ಇಟಲಿಯ ಪುರುಷರಲ್ಲಿ ನಿಬಾಲಿಯ 2016ರ ಜಿರೊ ನಂತರ 2025ರವರೆಗೆ ಯಾರೂ ಮೂರು ವಾರಗಳ ಮಹಾಸ್ಪರ್ಧೆ ಗೆದ್ದಿಲ್ಲ. ಮಹಿಳೆಯರ ಜಿರೊವನ್ನು ಎಲಿಸಾ ಲೊಂಗೊ ಬೊರ್ಗಿನಿ 2024 ಮತ್ತು 2025ರಲ್ಲಿ ಗೆದ್ದಳು.